ಅಡ ಏನು ತಂದೆ?

ಮಾರಮ್ಮನಿಗೆ ತೊಡಿಸಿದ್ದ ಬೆಳ್ಳಿ ಮುಖ ಮಾಯವಾಗಿತ್ತು. ಗುಡಿಯ ಬೀಗ ಮಾತ್ರ ಹಾಕಿದ ಹಾಗೇ ಇತ್ತು.

ಪೂಜಾರಿ ನಾಗಲಿಂಗಯ್ಯ ಬೆಳಿಗ್ಗೆ ಬೀಗ ತೆಗೆದು ಒಳಗೆ ಹೋದವನು ಹಾಗೇ ಕೂಗಿಕೊಂಡು ಹೊರಗೋಡಿ ಬಂದಿದ್ದ. ನಾನು ಮಿಡಿಗೇಶಿ ದಾಟಿ ಕರಿಬಂಡೆಪಾಳ್ಯ ತಲುಪುವ ಹೊತ್ತಿಗೆ ಊರಿನವರೇ ತನಿಖೆ ಮುಗಿಸಿ, ತೀರ್ಪು ಕೊಟ್ಟು, ಶಿಕ್ಷೆಯನ್ನೂ ಶುರು ಮಾಡಿಬಿಟ್ಟಿದ್ದರು. ಭೀಮರಾಜುವನ್ನು ಲೈಟ್ ಕಂಬಕ್ಕೆ ಕಟ್ಟಿದ್ದರು. ಅವನ ತುಟಿ ಒಡೆದು ರಕ್ತ ಅಂಗಿಗೆ ಇಳಿದಿತ್ತು.

ನಾನು ಶ್ರೀಲತಾ, ಪಿಎಸ್ಐ. ಕೊರಟಗೆರೆಯವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಇಲಾಖೆಯಲ್ಲಿ ಎಲ್ಲರಿಗೂ ಗೊತ್ತು. ಹಗ್ಗ ಬಿಚ್ಚಿದವಳು ನಾನೇ. ಯಾರು ಕಟ್ಟಿದ್ದು ಅಂತ ಕೇಳಿದರೆ ಒಬ್ಬೊಬ್ಬನೂ ಪಕ್ಕದವನ ಕಡೆ ಕೈ ತೋರಿಸಿದ.

ಭೀಮರಾಜು ಕೆಳಗಿನ ಕೇರಿಯವನು. ಎಲೆಕ್ಟ್ರಿಷಿಯನ್. ಗೋಡೆಗೆ ಬುದ್ಧನ ಪಟ. ಮನೆಯಲ್ಲಿ ಅವನು, ಅಜ್ಜಿ ಪೆದ್ದಮ್ಮ, ಇಬ್ಬರೇ. ಲೈನ್‌ಮನ್ ಕೆಲಸಕ್ಕೆ ಆಯ್ಕೆಯಾಗಿ ಆರ್ಡರ್ ಕಾಯುತ್ತಿದ್ದ. ಒಂದು ಎಫ್ಐಆರ್‌ನಲ್ಲಿ ಹೆಸರು ಬಿದ್ದರೆ ಆ ಕೆಲಸಕ್ಕೆ ಎಳ್ಳುನೀರು.

ಗುಡಿ ಸಮಿತಿಯ ಅಧ್ಯಕ್ಷ ಗಂಗಹನುಮಯ್ಯ ಬಿಳಿ ಪಂಚೆ ಸರಿಮಾಡಿಕೊಂಡು ಮುಂದೆ ಬಂದ. ಹೋದ ವಾರ ಗುಡಿಗೆ ವೈರಿಂಗ್ ಮಾಡಿದ್ದು ಭೀಮರಾಜು. ಒಂದು ದಿನ ಬೀಗದಕೈ ಅವನ ಹತ್ತಿರವೇ ಇತ್ತು. ಇನ್ನೊಂದು ಮಾಡಿಸಿಕೊಂಡಿದ್ದಾನೆ, ಬೇರೆ ಯಾರು ತಾನೇ ಬೀಗ ಒಡೆಯದೆ ಒಳಗೆ ಹೋಗುತ್ತಾರೆ, ಅನ್ನುವುದು ಅವನ ವಾದ. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು.

ನಾನು ಗರ್ಭಗುಡಿಯಲ್ಲಿ ತಲೆ ಎತ್ತಿ ನೋಡಿದೆ. ಚಾವಣಿಯಲ್ಲಿ ಹೊಗೆ ಹೋಗಲು ಬಿಟ್ಟ ಬೆಳಕಿಂಡಿ. ಮಗು ಕೂಡ ತೂರುವಂತಿರಲಿಲ್ಲ. ಆದರೆ ಅದರ ಕಲ್ಲಿನ ಅಂಚಿನ ಮಸಿಯಲ್ಲಿ ಹಗ್ಗ ಉಜ್ಜಿದ ಗುರುತಿತ್ತು. ಕೆಳಗೆ ದೇವಿಯ ಕಲ್ಲಿನ ಮೈಮೇಲೆ ಹೊಸದಾಗಿ ಗೀರುಗಳು ಬಿದ್ದಿದ್ದವು, ಒಂದೇ ಕಡೆ ಹಲವಾರು.

* * *

ಪೆದ್ದಮ್ಮ ಸ್ಟೇಷನ್ನಿಗೆ ನಡೆದೇ ಬಂದಳು. ಬೆಳಗಿನ ಜಾವ ಸೌದೆಗೆ ಹೊರಟಿದ್ದಾಗ ಕಂಬಳಿ ಮುಸುಕಿದ ಒಬ್ಬ ಗುಡಿ ಕಡೆ ಹೋಗಿದ್ದನ್ನು ಕಂಡಿದ್ದಳಂತೆ. ಮುಖ ಕಾಣಲಿಲ್ಲ. ಕೈಯಲ್ಲಿದ್ದ ಸಾಮಾನು ಕಂಡಿತು.

"ಕಬ್ಬಿಣದ್ದು ಕಣಮ್ಮ. ಸುತ್ತ ಕೊಕ್ಕೆ. ನಡದ್ರೆ ಗಲಗಲ ಅಂತದೆ. ಬಾವಿಗೆ ಬುಡ್ತಿದ್ರು. ಅದರ ಹೆಸ್ರು... ಥೂ, ನಾಲಗೆ ತುದೀಲೈತೆ, ಬರವಲ್ದು."

ಬಾವಿಗೆ ಬಿಡುವ ಸಾಮಾನು ಅಂದರೆ ನನಗೆ ಬಕೆಟ್ಟು, ಮೋಟರು ಬಿಟ್ಟು ಬೇರೆ ತಿಳಿಯದು. ನಾನು ಹುಟ್ಟಿದಾಗಲೇ ನಲ್ಲಿ ಬಂದಿತ್ತು. ಫೋನಿನಲ್ಲಿ ಕ್ರೇನ್ ಕೊಕ್ಕೆ ತೋರಿಸಿದೆ, ಮಟನ್ ಅಂಗಡಿಯ ಕೊಕ್ಕೆ ತೋರಿಸಿದೆ. ಇದಲ್ಲ ಅಂದಳು. ಸಿರಾ ಕಡೆಯ ನಮ್ಮ ಕಾನ್‌ಸ್ಟೆಬಲ್ ಅದು ದೋಣಿ ನಿಲ್ಲಿಸುವ ಲಂಗರ್ ಇರಬೇಕು ಮೇಡಂ ಅಂದ. ಅದೂ ಅಲ್ಲ. ಆದರೂ ಅಂಥದ್ದೆಲ್ಲ ಗುಜರಿಗೆ ಬರುತ್ತದೆ ಅನ್ನುವ ಅವನ ಮಾತು ನಂಬಿ ಸಿರಾದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಒಂದು ಹಗಲು ಹಾಳು ಮಾಡಿಕೊಂಡೆ.

ಮರುದಿನ ಪೆದ್ದಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಊರಿಗೆ ಹೋದೆ. ಅರಳಿಕಟ್ಟೆಯಲ್ಲಿ ಬಾವಿ ಸೇದಿ ಬೆಳೆದ ಮುದುಕರು ಸಾಲಾಗಿ ಕೂತಿದ್ದರು. ಇಂಥ ಸಾಮಾನು, ಇಂಥ ಕೊಕ್ಕೆ ಅಂತ ಕೈಯಲ್ಲಿ ಬಿಡಿಸಿ ತೋರಿಸಿದೆ. ಎಲ್ಲರೂ ತಲೆ ಅಲ್ಲಾಡಿಸಿದರು. ಅಂಥದ್ದು ನಾವು ಕಂಡೇ ಇಲ್ಲ ಅಂದರು. ಅನ್ನುವ ಮೊದಲು ಒಬ್ಬೊಬ್ಬರೂ ಗಂಗಹನುಮಯ್ಯನ ಮನೆ ಕಡೆ ಒಂದು ಸಲ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರಿಗೆ ಹೆಸರು ಗೊತ್ತು, ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ ಅಷ್ಟೇ.

ಮನೆಮನೆಗೂ ಹೋದೆ. ಊರಿಗೆಲ್ಲ ಹಿರಿಯಳು ದೊಡ್ಡಕ್ಕ, ಹೊಸ್ತಿಲು ದಾಟಿ ಹೊರಗೆ ಬರುವವಳಲ್ಲ. ಕೊಕ್ಕೆ ಇದೆಯೇನಜ್ಜಿ ಅಂದೆ. ಬಾಗಿಲ ಹಿಂದಿನ ತಕ್ಕಡಿ ಕೊಕ್ಕೆ ತೋರಿಸಿ, ಬೇಕಾದರೆ ತಗೊಂಡು ಹೋಗು ಅಂದಳು.

ಸ್ಟೇಷನ್ನಿಗೆ ಮರಳುವಷ್ಟರಲ್ಲಿ ಮೇಲಿನವರ ಫೋನು. ಮುದುಕಿಯ ಮರೆವನ್ನು ಕೋರ್ಟಿಗೆ ಕೊಡುತ್ತೀರೇನಮ್ಮ, ನಾಳೆ ಆ ಹುಡುಗನ ಹೆಸರು ಹಾಕಿ ಕಳಿಸಿ, ಅಂದರು. ಫೋನ್ ಇಟ್ಟ ಮೇಲೆ ಮೇಜಿಗೆ ಗುದ್ದಿ ಕೈ ನೋಯಿಸಿಕೊಂಡೆ.

* * *

ನಮ್ಮ ಹೆಡ್ ಕಾನ್‌ಸ್ಟೆಬಲ್ ರಂಗಕ್ಕ ರಜೆ ಮುಗಿಸಿ ಬಂದಳು. ಪಾವಗಡದಾಚೆಯ ಹಳ್ಳಿಯವಳು, ಮನೆಮಾತು ತೆಲುಗು. ಮತ್ತೆ ಸ್ಟೇಷನ್ನಿಗೆ ಬಂದು ಕೂತಿದ್ದ ಪೆದ್ದಮ್ಮನಿಗೆ ಟೀ ಕೊಡುತ್ತಾ ವಿಷಯ ಕೇಳಿದಳು. ಬಾವಿಗೆ ಬಿದ್ದ ಕೊಡ ಎತ್ತುವುದಾ ಅಂದಳು. ಅವಳ ಅವ್ವನ ಮನೆಯಲ್ಲೂ ಇತ್ತಂತೆ.

"ಮಾ ಊರ್ಲೋ ಪಾತಾಳ... ಪಾತಾಳ ಏದೋ ಅಂಟಾರು." ಪಾತಾಳ ಅಂತ ಏನೋ ಅನ್ನುತ್ತಾರೆ, ಮುಂದಿನದು ಅವಳಿಗೂ ನೆನಪಿಲ್ಲ.

ಪೆದ್ದಮ್ಮ ಟೀ ಲೋಟ ಕೆಳಗಿಟ್ಟಳು.

"ಗರಡಿ. ಪಾತಾಳಗರಡಿ."

ಅವಳ ಕಣ್ಣು ತುಂಬಿತ್ತು. ನಾನು ಖುಷಿಗೆ ಅಂದುಕೊಂಡೆ. ಅಲ್ಲ.

"ಸಣ್ಣೋಳಾಗಿದ್ದಾಗ ನಾವು ಗುಡಿ ಹಿಂದ್ಲ ಬಾವಿ ಮುಟ್ಟಂಗಿರ್ಲಿಲ್ಲ ಕಣಮ್ಮ. ಅವ್ರು ಸೇದಿ ಹುಯ್ಯೋಗಂಟ ಕಾಯ್ಬೇಕು. ಒಂದಿನ ಯಾವನೋ ನನ್ ಬಿಂದಿಗೇನ ಕಾಲಲ್ಲಿ ಒದ್ದು ಬಾವಿಗೆ ಕೆಡವ್ದ. ದೊಡ್ಡಕ್ಕನ ಮನೇಗೆ ಹೋಗಿ ಪಾತಾಳಗರಡಿ ಕೊಡ್ರವ್ವ ಅಂದೆ. ಅಡ ಏನ್ ತಂದೆ ಅಂದ್ರು. ತಂಬ್ಗೆ ತಂದೆ. ನಿನ್ ತಂಬ್ಗೆ ನಮ್ಮನೇಲಿ ಇಕ್ಕಂತೀವಾ ಅಂದ್ರು. ಆ ಹೆಸ್ರು ಮರೀಬೇಕು ಅಂತ್ಲೇ ಮರ್ತುಬುಟ್ಟಿದ್ದೆ."

ಗರಡಿ ಒಯ್ದವರು ವಾಪಸು ತರುವುದು ಮರೆಯುತ್ತಾರೆ. ಅದಕ್ಕೇ ಪಾತ್ರೆ ಅಡವಿಟ್ಟೇ ಒಯ್ಯಬೇಕಂತೆ. ಸ್ವಂತ ತಮ್ಮನಾದರೂ ಸರಿ. ಇಲ್ಲೂ, ಪಾವಗಡದಾಚೆಯ ಹಳ್ಳಿಗಳಲ್ಲೂ ಅದೇ ಪದ್ಧತಿ ಅಂತ ರಂಗಕ್ಕ ಹೇಳಿದಳು. ನಾನು ಆಗಲೇ ಜೀಪಿನ ಕಡೆ ಓಡಿದ್ದೆ.

* * *

ದೊಡ್ಡಕ್ಕನ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಕೇಳಿದೆ. ಪಾತಾಳಗರಡಿ ಬೇಕಿತ್ತು.

"ಅಡ ಏನ್ ತಂದೆ?" ಅಂದಳು ಅಜ್ಜಿ, ತಲೆ ಕೂಡ ಎತ್ತದೆ. ಆಮೇಲೆ ಬೇಜಾರಿನಿಂದ, "ತಂದಿದ್ರೂ ಇಲ್ಲ ಕಣವ್ವ. ಗಂಗಹನುಮಯ್ಯ ಒಯ್ದೋನು ತಂದೇ ಇಲ್ಲ. ನೀರಿನ ಸಂಪೊಳಕ್ಕೆ ಬಕೆಟ್ ಬಿತ್ತು ಅಂದ. ಅವನ ಬಿಂದಿಗೆ ಅಲ್ಲೈತೆ ನೋಡು."

ಮೂಲೆಯಲ್ಲಿ ಹಿತ್ತಾಳೆ ಬಿಂದಿಗೆ. ಕಂಠದ ಸುತ್ತ ಮದುವೆ ಉಡುಗೊರೆಯ ಕೆತ್ತನೆ, ಗಂಗಹನುಮಯ್ಯನ ಹೆಸರೇ.

ಅವನನ್ನು ಗುಡಿ ಮುಂದೆಯೇ, ಭೀಮರಾಜುವನ್ನು ಕಟ್ಟಿದ್ದ ಕಂಬದ ಹತ್ತಿರವೇ ಕರೆಸಿದೆ. ಊರೆಲ್ಲ ಸೇರಿತು.

"ಬಕೆಟ್ ಸಿಕ್ತಲ್ಲ ಅಧ್ಯಕ್ಷರೇ, ಗರಡಿ ಎಲ್ಲಿ?"

ಅವನ ಕಣ್ಣು ಗುಡಿ ಹಿಂದಿನ ಪಾಳುಬಾವಿಯ ಕಡೆ ಹೋಗಿ ಬಂತು. ಅಷ್ಟು ಸಾಕಾಗಿತ್ತು.

ಅಗ್ನಿಶಾಮಕದವರು ಇಳಿದು ಎತ್ತಿದರು. ಗರಡಿಯ ಕೊಕ್ಕೆಗಳಲ್ಲಿ ಮಾರಮ್ಮನ ಮುಖ ಸಿಕ್ಕಿಹಾಕಿಕೊಂಡಿತ್ತು. ಕಾಣದ್ದನ್ನು ಎಳೆಯುವುದಕ್ಕೆಂದೇ ಮಾಡಿದ ಸಾಮಾನದು, ಹಿಡಿದರೆ ಬಿಡುವುದಿಲ್ಲ. ಬೆಳಕಿಂಡಿಯಿಂದ ಇಳಿಬಿಟ್ಟು, ಓರೆ ಮಾಡಿ ಮುಖ ಎಳೆದಿದ್ದ. ಬಿಡಿಸಿಕೊಳ್ಳುವಷ್ಟರಲ್ಲಿ ನಾಗಲಿಂಗಯ್ಯ ಪೂಜೆಗೆ ಬರುವುದು ಕಂಡು ಎರಡನ್ನೂ ಬಾವಿಗೆ ಎಸೆದ. ಹಾಗಾಗಿ ಗರಡಿ ವಾಪಸು ಹೋಗಲಿಲ್ಲ, ಬಿಂದಿಗೆ ಬಿಡಿಸಿಕೊಳ್ಳಲಾಗಲಿಲ್ಲ.

ಮುಖದ ಮೇಲೆ ಗೀರು ಬಿದ್ದ ಕಡೆ ಬೆಳ್ಳಿ ನೀರು ಹೋಗಿ ತಗಡು ಕಾಣುತ್ತಿತ್ತು. ನಿಜವಾದ ಮುಖವನ್ನು ಅವನು ಎಂದೋ ಮಾರಿಕೊಂಡು ತಿಂದಿದ್ದ. ಗುಡಿಯ ಒಡವೆ ತೂಗಲು ಮುಂದಿನ ವಾರ ಅಧಿಕಾರಿಗಳು ಬರುವವರಿದ್ದರು, ಅಷ್ಟರೊಳಗೆ ಇದು ಕಳುವಾಗಬೇಕಿತ್ತು. ಬೀಗ ಹಾಗೇ ಇದ್ದರೆ ಅನುಮಾನ ಬೀಗದಕೈ ಹಿಡಿದವನ ಮೇಲೆ. ಅದಕ್ಕೇ ವೈರಿಂಗ್‌ಗೆ ಭೀಮರಾಜುವನ್ನು ಕರೆದದ್ದು. ಹುಟ್ಟಿದಾಗಿನಿಂದ ಗುಡಿಯ ಹೊರಗೆ ನಿಲ್ಲಿಸಿದವನನ್ನು ಕಳ್ಳ ಮಾಡುವುದಕ್ಕೋಸ್ಕರ ಒಂದು ದಿನ ಒಳಗೆ ಬಿಟ್ಟಿದ್ದರು.

ಬೇಡಿ ಹಾಕುವಾಗ ಗಂಗಹನುಮಯ್ಯ ಏನೋ ತಪ್ಪಾಯಿತು ಅಂದ. ನನಗಲ್ಲ, ಅಲ್ಲಿ ನಿಂತಿರುವ ಭೀಮರಾಜುವಿಗೆ ಹೇಳು ಅಂದೆ. ಹೇಳಲಿಲ್ಲ.

ಬಾವಿಯಿಂದ ಮತ್ತೊಂದು ಕೂಗು ಬಂತು. ಹೂಳಿನಲ್ಲಿ ಇನ್ನೊಂದು ಸಾಮಾನು ಇದೆಯಂತೆ. ಮೇಲೆ ಬಂದಾಗ ನೋಡಿದರೆ ಹಸಿರುಗಟ್ಟಿದ ತಾಮ್ರದ ಬಿಂದಿಗೆ, ಒಂದು ಪಕ್ಕ ಯಾರೋ ಒದ್ದ ಹಾಗೆ ನೆಗ್ಗಿತ್ತು. ಯಾರದ್ದೋ ಹಳೇದು, ಪಂಚಾಯ್ತಿಗೆ ಕೊಡೋಣ ಅಂದ ಅರಳಿಕಟ್ಟೆಯ ಒಬ್ಬ ಮುದುಕ.

ಪೆದ್ದಮ್ಮ ಜನರನ್ನು ಸರಿಸಿಕೊಂಡು ಬಾವಿಕಟ್ಟೆ ಹತ್ತಿದಳು. ಬಿಂದಿಗೆ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಕೆಸರು ಸೀರೆಗೆಲ್ಲ ಸುರಿಯಿತು.

"ಇದು ನಂದು," ಅಂದಳು. "ಅಡ ಏನೂ ಕೊಡಲ್ಲ."