ರೆಕಾರ್ಡರ್ ನಿಲ್ಲಿಸಿದ ಮೇಲೆ

"ಸಾರ್ ಇದ್ದಾರಾ?"

ಅದೇ ಧ್ವನಿ! ಟೈಪ್ ಮಾಡುತ್ತಿದ್ದ ಇವಳ ಬೆರಳುಗಳು ನಿಂತುಬಿಟ್ಟವು.

ಬಾಗಿಲಲ್ಲಿ ನಿಂತವಳ ಮುಖ ನೋಡಿದ್ದು ಇವತ್ತೇ. ಧ್ವನಿ ಮಾತ್ರ ಬಾಯಿಪಾಠ! ಬಡ ವಿಧವೆಯರಿಗೆ ಪಿಂಚಣಿ ಯಾಕೆ ತಲುಪುತ್ತಿಲ್ಲ ಎಂಬ ಸಂಶೋಧನೆಗಾಗಿ ಸಹೋದ್ಯೋಗಿ ಮೌನಿ ಮನೆಮನೆಗೆ ಹೋಗಿ ಮಾತುಕತೆ ರೆಕಾರ್ಡ್ ಮಾಡಿ ತರುತ್ತಿದ್ದ. ಅದನ್ನು ಕೇಳಿ ಟೈಪ್ ಮಾಡುವುದು ಇವಳ ಕೆಲಸ.

ಕಚೇರಿಯಲ್ಲಿ ತುಟಿ ಪಿಟಕ್ಕೆನ್ನದ ಅವನಿಗೆ ಎಲ್ಲರೂ ಇಟ್ಟ ಹೆಸರು ಮೌನಿ. ಆ ಮೌನಿಯ ಮೇಲೇ ಇವಳಿಗೆ ಪ್ರಾಣ... ಹೇಳಿರಲಿಲ್ಲ, ಅಷ್ಟೇ.

ಆದರೆ ಈಗ ಬಾಗಿಲಲ್ಲಿ ನಿಂತಿರುವ ಈ ಟೈಲರ್ ಹೆಂಗಸಿನ ಮನೆಯಲ್ಲಿ ಮೌನಿ ನಗುತ್ತಿದ್ದ! ಪ್ರತಿ ಸಲವೂ ಹೊಲಿಗೆ ಮಿಷನ್ ಸದ್ದು ನಿಲ್ಲುತ್ತಿತ್ತು. "ಸಾರ್, ಈಗ ನಿಮ್ಮ ಸರದಿ" ಎಂದು ಅವಳು ಕಿಲಕಿಲ ನಗುತ್ತಿದ್ದಳು. ಟಕ್! ರೆಕಾರ್ಡರ್ ಬಂದ್.

ಆಮೇಲೆ ಏನು?

ಯೋಚಿಸಿ ಯೋಚಿಸಿ ಇವಳ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಬೆಳಗ್ಗೆಯಷ್ಟೇ ಮುಖ್ಯಸ್ಥೆಯ ಬಳಿ ಬೇರೆ ಊರಿಗೆ ವರ್ಗ ಕೇಳಿ ಬಂದಿದ್ದಳು.

"ಒಳಗಿದ್ದಾರೆ, ಹೋಗಿ. ನಿಮ್ಮನ್ನ ತಡೆಯೋರು ಯಾರಿದ್ದಾರೆ?"

ಟೈಲರ್ ಕಣ್ಣರಳಿಸಿದಳು. "ಅಯ್ಯೋ, ಟೈಪ್ ಮಾಡೋ ಅಕ್ಕ ನೀವೇನಾ? ಸಿಟ್ಟು ಬಂದ್ರೆ ಮೂಗು ಕೆಂಪಾಗುತ್ತೆ ಅಂದಿದ್ರು. ನಿಜ!"

"ಯಾರು ಅಂದಿದ್ದು?"

"ಸಾರೇ! ನನ್ನ ಬಡತನ ಎಲ್ಲಾ ಕೆದಕಿ ಕೇಳ್ತೀರಲ್ಲ, ನಿಮ್ಮ ಕಷ್ಟಾನೂ ಹೇಳಿ, ಆಮೇಲೆ ನಾನು ಬಾಯಿ ಬಿಡ್ತೀನಿ ಅಂತ ಹಠ ಹಿಡಿದಿದ್ದೆ. ಅವರಿಗೆ ಇದ್ದಿದ್ದು ಒಂದೇ ಕಷ್ಟ... ನೀವು!"

ಇವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಛೆ! ಇಷ್ಟು ದಿನ ಈ ಪುಣ್ಯಾತ್ಗಿತ್ತಿಗೇ ಹಿಡಿಶಾಪ ಹಾಕಿದೆನಲ್ಲ...

ಸದ್ದು ಕೇಳಿ ಮೌನಿ ಹೊರಬಂದ. ಇಬ್ಬರನ್ನೂ ಒಟ್ಟಿಗೆ ನೋಡಿದವನೇ ಬೆವರಿದ.

"ಪಿಂಚಣಿ ಬಂತು ಸಾರ್, ಹೇಳೋಣ ಅಂತ ಬಂದೆ. ಜೊತೆಗೆ ನಿಮ್ಮ ಗುಟ್ಟೂ ಹೇಳಿಬಿಟ್ಟೆ!" ಎಂದು ಟೈಲರ್ ನಗುತ್ತಾ ಹೊರಟೇಬಿಟ್ಟಳು.

"ರೆಕಾರ್ಡರ್ ಯಾಕೆ ಆಫ್ ಮಾಡ್ತಿದ್ರಿ?" ಇವಳು ಕೇಳಿದಳು.

"ಅದನ್ನ ಕೇಳೋರು ನೀವೇ ಅಲ್ವಾ... ಧೈರ್ಯ ಬರ್ಲಿಲ್ಲ."

"ನಾನು ವರ್ಗ ಕೇಳಿ ಬಂದಿದ್ದೀನಿ."

"ಬೇಡ! ಹೋಗ್ಬೇಡಿ..." ಕಚೇರಿಗೆಲ್ಲ ಕೇಳುವಂತೆ ಮೌನಿ ಕೂಗಿದ. ಎಲ್ಲರೂ ತಿರುಗಿ ನೋಡಿದರು.

ಇವಳು ಅವನ ಜೇಬಿನಿಂದ ರೆಕಾರ್ಡರ್ ತೆಗೆದು ಗುಂಡಿ ಒತ್ತಿದಳು. ಕಣ್ಣು ತುಂಬಿತ್ತು, ಮೂಗು ಕೆಂಪಗಿತ್ತು.

"ಈಗ ನಿಮ್ಮ ಸರದಿ. ಹೇಳಿ."

ಅವನು ಹೇಳಿದ. ಪೂರ್ತಿ ಹೇಳಿದ.

"ಇದನ್ನೂ ಟೈಪ್ ಮಾಡ್ತೀರಾ?"

"ಉಹೂಂ... ಇದು ನನಗೊಬ್ಬಳಿಗೇ."