ತೆರೆದಿಟ್ಟ ಬಾಗಿಲು

ಜಗಳೂರಿನ ಬಸ್ಸಿಳಿದು ಕೂಸು ಎತ್ತಿಕೊಂಡು ಬಂದ ಮಗಳಿಗೆ ಮುರುಗೇಶಪ್ಪ ಬಾಗಿಲು ತೆಗೆಯಲಿಲ್ಲ. ಬೇರೆ ಜಾತಿಯ ಮೇಷ್ಟ್ರನ್ನು ಮದುವೆಯಾದದ್ದೇ ಪ್ರೇಮಳ ತಪ್ಪು. ಒಳಗೆ ನಿಂತು ಮೊಮ್ಮಗುವಿನ ಅಳು ಕೇಳಿದ ಸರ್ವಮಂಗಳಮ್ಮನ ಮನಸ್ಸು ಅಂದೇ ಕಲ್ಲಾಯಿತು. ಈ ಗಂಡ ಇರುವ ತನಕ ಮಗಳು ಹೊಸಿಲು ದಾಟುವಂತಿಲ್ಲ.

ದಾರಿ ತೋರಿಸಿದವರು ಬೆಂಗಳೂರಿನ ಡಾಕ್ಟರು. ಎಂಬತ್ತಮೂರನೇ ಇಸವಿಯಲ್ಲಿ ಮುರುಗೇಶಪ್ಪನ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿ ಒಡೆಯುವಂತಾಗಿ, ಅಲ್ಲಿ ಬಟ್ಟೆಯ ಕೊಳವೆ ಹೊಲಿದರು. ಜನ್ಮವೆಲ್ಲ ನ್ಯಾಮತಿಯಲ್ಲಿ ಬಟ್ಟೆ ಮಾರಿದವನ ಹೊಟ್ಟೆಯೊಳಗೂ ಬಟ್ಟೆಯೇ.

"ಮೊದಲು ಆ ಉಬ್ಬು ರಕ್ತ ಹೆಪ್ಪುಗಟ್ಟಿಸೋ ಸತ್ವಾನೇ ತಿಂದುಹಾಕ್ತಿತ್ತಮ್ಮ. ಈಗ ಉಲ್ಟಾ. ಬೇಗ ಹೆಪ್ಪುಗಟ್ಟುತ್ತೆ, ಕಟ್ಟಿದ್ದು ಕರಗಲ್ಲ. ದಿನಾ ನಡೆಸಿ. ಮಲಗೇ ಇದ್ರೆ ಕಾಲಲ್ಲಿ ಹೆಪ್ಪು ಕೂತು, ಅದು ಎದೆಗೆ ಹೋದ್ರೆ ಜೀವಕ್ಕೇ ಅಪಾಯ." ಡಾಕ್ಟರು ಇನ್ನೂ ಏನೋ ಹೇಳುತ್ತಿದ್ದರು. ಸರ್ವಮಂಗಳಮ್ಮನಿಗೆ ಅಷ್ಟು ಸಾಕಾಗಿತ್ತು.

ವಿಷ ಬೇಡ, ಮಚ್ಚು ಬೇಡ. ಸೇವೆ ಮಾಡಿದರಾಯಿತು. ಊಟ ಹಾಸಿಗೆಗೇ, ಮೈ ಒರೆಸುವುದು ಹಾಸಿಗೆಯಲ್ಲೇ. ಏಳಹೋದರೆ "ಹೊಲಿಗೆ ಬಿಚ್ಚಿದ್ರೆ ಏನ್ ಗತಿ, ಮಲಗ್ರೀ" ಎಂದು ಭುಜ ಹಿಡಿಯುವಳು. ನೋಡಲು ಬಂದ ನಾದಿನಿ ಶಾಂತಾದೇವಿ, "ನಮ್ಮಣ್ಣ ಪುಣ್ಯ ಮಾಡ್ಯಾನೆ ಬಿಡ್ರಿ ಅತ್ತಿಗೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಳೆ ಯಾರಾದರೂ ಕೇಳಿದರೆ ಊರೇ ಸಾಕ್ಷಿ.

ಎಡಗಾಲಿನ ಮೀನಖಂಡ ಊದಿ ಬಿಸಿಯಾಯಿತು. ಇನ್ನು ಕಾಯುವುದಷ್ಟೇ. ಅವತ್ತೇ ಮುರುಗೇಶಪ್ಪ ಅವಳ ಕೈ ಹಿಡಿದ.

"ಮಂಗಳಾ, ಪ್ರೇಮನ್ನ ಕರೆಸೇ. ಕೂಸು ನೋಡಾಕೆ ಆಸೆ ಆಗೈತೆ. ಅವತ್ತು ಬಾಗಿಲ ಹಿಂದೆ ನಿಂತ್ಕೊಂಡು ನಾನೂ ಅತ್ತೆ. ತೆಗೆಯಾಕೆ ಮಾನ ಅಡ್ಡ ಬಂತು."

ಸರ್ವಮಂಗಳಮ್ಮ ಬಸ್‌ಸ್ಟ್ಯಾಂಡಿಗೆ ಓಡಿದಳು. ಬಸ್ಸಿನ ಕಂಡಕ್ಟರ ಕೈಲಿ ಜಗಳೂರಿಗೆ ಹೇಳಿಕಳಿಸಿದಳು. ಇವರು ಬದುಕಬೇಕು, ಇವತ್ತಿನಿಂದಲೇ ನಡೆಯಬೇಕು ಎಂದು ಮನಸ್ಸು ಒಂದೇ ಸಮ ಹೇಳುತ್ತಿತ್ತು. ಆದರೆ ಆ ಕಾಲು ಊರಲು ಬರುತ್ತಿರಲಿಲ್ಲ.

ಮಗಳು ಬರುವ ಬೆಳಿಗ್ಗೆ ಬಾಗಿಲು ಪೂರ್ತಿ ತೆರೆದಿಟ್ಟು, ಹರಳೆಣ್ಣೆ ಬಿಸಿ ಮಾಡಿದಳು. ಬಾಣಂತಿಯರಿಗೆ, ಅತ್ತೆಗೆ ತಿಕ್ಕಿ ಪಳಗಿದ ಕೈ. ಪಾದದಿಂದ ತೊಡೆಯ ತನಕ ಗಟ್ಟಿಯಾಗಿ ನೀವಿ ನೀವಿ ತಿಕ್ಕಿದಳು. ಎಷ್ಟೋ ವರ್ಷದ ಮೇಲೆ ಪ್ರೀತಿಯಿಂದ ಮುಟ್ಟಿದ್ದಳು.

"ಹಗುರಾತು ಕಣೇ" ಎಂದ ಮುರುಗೇಶಪ್ಪ.

ಅಂದವನೇ ಕೆಮ್ಮಿ ಎದೆ ಹಿಡಿದುಕೊಂಡ. ಊರಿನ ಡಾಕ್ಟರು ಹಾಲೇಶಪ್ಪ ಓಡಿಬರುವಷ್ಟರಲ್ಲಿ ಉಸಿರು ನಿಂತಿತ್ತು. ಎಣ್ಣೆ ಮೆತ್ತಿದ ಕಾಲನ್ನು ನೋಡಿ ಅವರು ಮೆಲ್ಲಗೆ ಕೇಳಿದರು: "ಊದಿದ ಕಾಲು ತಿಕ್ಕಬ್ಯಾಡ್ರಿ, ಹೆಪ್ಪು ಕಿತ್ಕೊಂಡು ಎದೆಗೆ ಹೋಗ್ತೈತೆ ಅಂತ ಬೆಂಗಳೂರಾಗೆ ಹೇಳಿರಲಿಲ್ವೇನಮ್ಮ?" ಹೇಳಿದ್ದರು. ಅಷ್ಟು ಸಾಕೆಂದು ಅವಳು ಕಿವಿ ಮುಚ್ಚಿಕೊಂಡ ಮೇಲೆ ಡಾಕ್ಟರು ಹೇಳುತ್ತಿದ್ದುದು ಅದನ್ನೇ. ತೆರೆದಿಟ್ಟ ಬಾಗಿಲಲ್ಲಿ ಪ್ರೇಮ ಕೂಸನ್ನು ಕೆಳಗಿಳಿಸಿ, "ಹೋಗು, ಅಜ್ಜನ ಹತ್ರ ಹೋಗು" ಎನ್ನುತ್ತಿದ್ದಳು.