ಬೀಗದವನು ಕಲಿಸಿದ ಬಡಾವಣೆ ಆಟ

ಹಿಂದೆ ಯಾರೋ ಬರುತ್ತಿದ್ದರು.

ಅವಳು ಬೇಕರಿಯ ಮುಂದೆ ನಿಂತು ಗಾಜಿನೊಳಗಿನ ಬನ್ನು ನೋಡುವವಳ ಹಾಗೆ ನಟಿಸಿದಳು. ಹಿಂದಿನ ಹೆಜ್ಜೆಯೂ ನಿಂತಿತು. ಅವಳು ಹೊರಟಳು, ಅದೂ ಹೊರಟಿತು. ಬೇಕರಿಯ ಪಕ್ಕದ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಮೇಲೆ ಒಂದು ಹಳೆಯ ಓದುವ ಕೋಣೆ. ಶನಿವಾರ ಸಂಜೆ ಅಲ್ಲಿ ನಾಲ್ಕು ಜನ ಸೇರಿ ಬೋರ್ಡ್ ಗೇಮ್ ಆಡುತ್ತಾರೆ, "ನೀನೂ ಬಾ, ದಿನಾ ಗೋಡೆ ನೋಡ್ಕೊಂಡು ಕೂತ್ರೆ ಗೋಡೆಗೇ ಬೇಜಾರಾಗುತ್ತೆ" ಎಂದು ಅಕ್ಕ ದುಂಬಾಲು ಬಿದ್ದಿದ್ದಳು. ಅಕ್ಕ ಮೇಲೆ ಕಾಯುತ್ತಿರಬೇಕು. ಅವಳು ಬಿರಬಿರನೆ ಮೆಟ್ಟಿಲು ಹತ್ತತೊಡಗಿದಳು.

ಹೆಜ್ಜೆ ಮೆಟ್ಟಿಲನ್ನೂ ಹತ್ತಿತು. ಅವಳು ಗಕ್ಕನೆ ತಿರುಗಿ, ಊಟದ ಡಬ್ಬಿಯಿದ್ದ ಕೈಚೀಲವನ್ನು ಕಣ್ಣುಮುಚ್ಚಿ ಬೀಸಿದಳು.

"ಅಯ್ಯಯ್ಯೋ! ಹೊಡೀಬೇಡಿ ಮೇಡಂ! ಆಟ ಆಡಿಸೋಕೆ ಬಂದೋನು ನಾನು!"

ದೊಡ್ಡದೊಂದು ಪೆಟ್ಟಿಗೆ ಬಿದ್ದು ಬಾಯಿ ಬಿಟ್ಟಿತು. ಮರದ ಪುಟ್ಟ ಪುಟ್ಟ ಮನೆಗಳು ಟಕಟಕ ಎನ್ನುತ್ತಾ ಮೆಟ್ಟಿಲಿಳಿದು ಬೀದಿಯವರೆಗೆ ಉರುಳಿದವು. ಗಂಡಸು ಗೋಡೆಗೆ ಒರಗಿ, ಸೊಟ್ಟಗಾದ ಕನ್ನಡಕದ ಒಂದೇ ಗಾಜಿನಿಂದ ಅವಳನ್ನು ನೋಡುತ್ತಿದ್ದ.

"ನೀವು ನಿಂತಾಗೆಲ್ಲ ಯಾಕೆ ನಿಲ್ತಿದ್ರಿ?"

"ಪೆಟ್ಟಿಗೆ ಭಾರ. ಕೈ ಬದಲಾಯಿಸ್ತಿದ್ದೆ."

ಆಗ ಗುರುತು ಹತ್ತಿತು. ಹತ್ತಿದ ಮೇಲೆ ಹೆದರಿಕೆ ಇಳಿಯುವ ಬದಲು ಇಮ್ಮಡಿಯಾಯಿತು. ಹೋದ ವಾರ ಅವಳ ಬಾಗಿಲಿಗೆ ಹೊಸ ಬೀಗ ಕೂರಿಸಿದ ಬೀಗದವನು ಇವನೇ.

*

ಕೋಣೆಯ ಉಸ್ತುವಾರಿ ಒಬ್ಬ ನಿವೃತ್ತ ಟೀಚರಮ್ಮನದು. ಅವರು ನಡೆದದ್ದನ್ನು ಕೇಳಿ ಬೀಗದವನ ಕಡೆಗೇ ಗದರಿದರು. "ಹೆಣ್ಣುಮಕ್ಕಳ ಹಿಂದೆ ಹೀಗೆ ನೆರಳಿನ ಥರ ಬಂದ್ರೆ ಡಬ್ಬೀಲಿ ಅಲ್ಲ, ಒನಕೇಲಿ ಹೊಡೀಬೇಕು." ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಅವಳಿಗೆ ನಗು ಬರಲಿಲ್ಲ. ಆದರೆ ಸೊಟ್ಟ ಕನ್ನಡಕ ನೋಡಿಕೊಂಡು ಸುಮ್ಮನಿರುವುದೂ ಆಗಲಿಲ್ಲ. ಅವಳ ಕೆಲಸವೇ ಕನ್ನಡಕದ ಅಂಗಡಿಯಲ್ಲಿ, ಕಣ್ಣು ಪರೀಕ್ಷೆ ಮಾಡುವುದು. "ಕೊಡಿ ಇಲ್ಲಿ" ಎಂದು ಇಸಿದುಕೊಂಡು, ಹೆಬ್ಬೆರಳಿನಿಂದ ಕಡ್ಡಿಯನ್ನು ಮೆಲ್ಲಗೆ ಒತ್ತಿ ನೇರ ಮಾಡಿ, ಎಂದಿನ ಅಭ್ಯಾಸದಲ್ಲಿ ತಾನೇ ಅವನ ಮುಖಕ್ಕೆ ಏರಿಸಿದಳು. ಅವನು ಉಸಿರು ಬಿಗಿಹಿಡಿದು ಕೂತ. ಗಾಜಿನ ಹಿಂದೆ ಎರಡು ಕಂದು ಕಣ್ಣು ಎಲ್ಲಿ ನೋಡುವುದೆಂದು ತಿಳಿಯದೆ ಕೊನೆಗೆ ಮೇಜಿನ ಮೇಲಿನ ಬೋರ್ಡಿಗೆ ಶರಣಾದವು.

"ಇದು ಬಡಾವಣೆ ಆಟ" ಎಂದ, ಗಂಟಲು ಸರಿಮಾಡಿಕೊಂಡು. "ಬೋರ್ಡು ಅಂದ್ರೆ ಖಾಲಿ ಜಾಗ. ಚೀಲದೊಳಗೆ ಕೈ ಹಾಕಿ, ಬಂದ ಬಿಲ್ಲೆ ಇಡೋದು. ಮನೆ, ರಸ್ತೆ, ಅಂಗಡಿ, ಪಾರ್ಕು, ದೀಪದ ಕಂಬ, ಕಸದ ತೊಟ್ಟಿ. ಎಲ್ರೂ ಸೇರಿ ಒಂದೇ ಬಡಾವಣೆ ಕಟ್ತೀವಿ. ಆದ್ರೆ ಅಂಕ ಅವರವರದು."

"ಒಂದು ಮನೆಗೆ ಎಷ್ಟು ಅಂಕ?"

"ಬರೀ ಮನೆಗೆ ಸೊನ್ನೆ. ರಸ್ತೆ ಬಂದು ಮುಟ್ಟಿದ್ರೆ ಶುರು. ಪಕ್ಕದಲ್ಲಿ ಬೇರೆಯವರ ಮನೆ ಎದ್ರೆ ಇಬ್ರಿಗೂ ಏರುತ್ತೆ."

"ಪಕ್ಕದಲ್ಲಿ ಯಾರು ಬರಬೇಕು ಅಂತ ನಾನು ಆರಿಸಬಹುದಾ?"

"ಇಲ್ಲ, ಬಂದೋರು ಬಂದ ಹಾಗೆ."

"ಇದೇನು ಆಟ! ಇದು ಶಿಕ್ಷೆ."

ಅವಳು ತನ್ನ ಮೊದಲ ಮನೆಯನ್ನು ಬೋರ್ಡಿನ ಮೂಲೆಗೆ ತಳ್ಳಿದಳು. ಸಿಕ್ಕ ಪಾರ್ಕನ್ನೆಲ್ಲ ಅದರ ಸುತ್ತ ಪೇರಿಸಿದಳು. ಬೀಗದವನು ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಆಟದ ಮಧ್ಯೆ, ಅವನು ರಸ್ತೆಯ ತಿರುವು ಹೇಗಿಡಬೇಕೆಂದು ತೋರಿಸುತ್ತಿದ್ದಾಗ, ಅವಳು ತಲೆಯೆತ್ತದೆ ಕೇಳಿದಳು:

"ನನ್ನ ಬೀಗದ ಕೀ ಇನ್ನೊಂದು ನಿಮ್ಮ ಹತ್ರ ಇದೆಯಾ?"

ಅಕ್ಕ "ಥೂ, ಏನೇ ಇದು!" ಎಂದಳು. ಬೀಗದವನು ಮಾತ್ರ ನಗಲಿಲ್ಲ, ಮುನಿಸಿಕೊಳ್ಳಲೂ ಇಲ್ಲ.

"ಇಲ್ಲ. ಆದ್ರೆ ನಾನು ಇಲ್ಲ ಅಂದಾಕ್ಷಣ ನೀವು ನಂಬಬೇಕಾಗಿಲ್ಲ. ಸೇತುವೆ ದಾಟಿದ್ರೆ ಇನ್ನೊಂದು ಬೀಗದ ಅಂಗಡಿ ಇದೆ. ನನಗೂ ಆಯಪ್ಪನಿಗೂ ಹಾವು ಮುಂಗುಸಿ. ಅವನ ಕೈಲಿ ಬದಲಾಯಿಸಿಬಿಡಿ. ನನಗೆ ಹೇಳೋಕೂ ಹೋಗ್ಬೇಡಿ."

ಸೋಮವಾರ ಅವಳು ನಿಜವಾಗಿಯೂ ಬದಲಾಯಿಸಿದಳು.

*

ಅವಳ ಭಯಕ್ಕೆ ಒಂದು ಮುಖವಿತ್ತು. ಅದು ಮೊದಲಿನ ಗಂಡನದು.

ಅವನು ಒಂದು ದಿನವೂ ಕೈ ಎತ್ತಿದವನಲ್ಲ. ಅದಕ್ಕೇ ಯಾರೂ ಅವಳ ಮಾತು ನಂಬಲಿಲ್ಲ. ಅವನು ಸುಮ್ಮನೆ ಬರುತ್ತಿದ್ದ, ಅಷ್ಟೇ. ಪಾತ್ರೆ ತೊಳೆಯುತ್ತಾ ತಿರುಗಿದರೆ ಬೆನ್ನ ಹಿಂದೆ ನಿಂತಿರುತ್ತಿದ್ದ. ನಿದ್ದೆಯಿಂದ ಕಣ್ಣು ಬಿಟ್ಟರೆ ಮಂಚದ ಪಕ್ಕ ನಿಂತು ನೋಡುತ್ತಿದ್ದ. "ಏನು?" ಎಂದರೆ "ಏನಿಲ್ಲ, ನನ್ನ ಹೆಂಡತೀನ ನಾನು ನೋಡ್ಬಾರ್ದಾ?" ಎನ್ನುತ್ತಿದ್ದ. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. "ಎಷ್ಟು ಪ್ರೀತಿ ನೋಡು" ಎಂದು ಅತ್ತೆ ಎಲ್ಲರೆದುರು ಹೊಗಳುತ್ತಿದ್ದರು. ಒಂದು ದಿನ ಅಕ್ಕ ಬಂದು ಹೊರಗೆ ಬೀಗ, ಒಳಗೆ ತಂಗಿಯ ದನಿ ಕೇಳಿ, ಕಲ್ಲು ತಂದು ಬೀಗ ಒಡೆದು ಕರೆದುಕೊಂಡು ಬಂದಳು. ಕೋರ್ಟು ಇಬ್ಬರನ್ನೂ ಬೇರೆ ಮಾಡಿತು. ಊರು ಬದಲಾಯಿತು, ಕೆಲಸ ಸಿಕ್ಕಿತು. ಆದರೆ ಬೆನ್ನ ಹಿಂದಿನ ಆ ನಿಲುವು ಮಾತ್ರ ಅವಳ ಜೊತೆಗೇ ಗಂಟುಮೂಟೆ ಕಟ್ಟಿಕೊಂಡು ಬಂದಿತ್ತು.

ಆದರೂ ಶನಿವಾರ ಬಂದರೆ ಅವಳು ಮೆಟ್ಟಿಲು ಹತ್ತುತ್ತಿದ್ದಳು. ಆಟ ಕೈಹತ್ತಿತು. ಯಾವಾಗ ಅಂಗಡಿ ತಡೆಹಿಡಿಯಬೇಕು, ಎಲ್ಲಿ ಕಂಬ ನೆಟ್ಟರೆ ಎದುರಾಳಿಯ ರಸ್ತೆ ತಿರುಗುತ್ತದೆ ಎಲ್ಲ ತಿಳಿಯಿತು. ಒಂದು ಸಂಜೆ ಬೀಗದವನ ಮೂರು ಮನೆಗಳ ಮುಂದೆ ಒಂದು ಕಸದ ತೊಟ್ಟಿ ಇಟ್ಟು ಅವನ ಅಂಕವನ್ನೆಲ್ಲ ತೊಳೆದುಬಿಟ್ಟಳು.

"ಟೀಚರಮ್ಮಾ, ಇವರಿಗೆ ಆಟ ಕಲಿಸಿ ತಪ್ಪು ಮಾಡ್ದೆ" ಎಂದ ಅವನು, ಎದೆ ಮುಟ್ಟಿಕೊಂಡು. "ಹಾಲೆರೆದೋನ ಕೈಗೇ ಕಚ್ಚಿದ್ರು."

"ಕಚ್ಚಿಲ್ಲ. ಗುಡಿಸಿ ಹಾಕಿದೆ" ಎಂದಳು ಅವಳು. ಎಷ್ಟೋ ಕಾಲದ ಮೇಲೆ ತನ್ನ ನಗುವಿನ ಸದ್ದು ತನಗೇ ಕೇಳಿ ಬೆಚ್ಚಿದಳು. ಅವನು ಅವಳನ್ನೇ ನೋಡುತ್ತಿದ್ದ. ಅವಳು ನೋಡಿದಳು, ಅವನು ಬಿಲ್ಲೆ ಎಣಿಸತೊಡಗಿದ. ಅವನು ನೋಡಿದ, ಅವಳಿಗೆ ಕಿಟಕಿಯಾಚೆ ಏನೋ ಕೆಲಸ ಸಿಕ್ಕಿತು.

ಟೀಚರಮ್ಮ ಅಕ್ಕನ ಕಿವಿಯಲ್ಲಿ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಬೀಗ ಹಾಕೋಕೆ ಬಂದವನ ಕಡೆಯವರು ನಿಮಗೆ ಬೀಗರೇ ಆಗೋ ಹಾಗಿದೆ ಕಣಮ್ಮ" ಎಂದರು.

ಅವತ್ತು ಮರದ ಮನೆಗಳನ್ನು ಪೆಟ್ಟಿಗೆಗೆ ತುಂಬುವಾಗ ಅವನು ಕೇಳಿದ. "ಒಂದು ಮಾತು. ನಾನು ನಿಮ್ಮನ್ನ ಇಷ್ಟಪಟ್ರೆ ನಿಮಗೆ ಭಯ ಆಗುತ್ತಾ?"

ಅವಳ ಕೈ ಪೆಟ್ಟಿಗೆಯೊಳಗೇ ನಿಂತಿತು. "ಆಗುತ್ತೆ."

"ಸರಿ" ಎಂದ. ಅಷ್ಟೇ ಹೇಳಿ, ಮುಚ್ಚಳ ಹಾಕಿ, ಅವಳು ಮೊದಲು ಹೊರಡಲಿ ಎಂದು ಕಾದ.

ಮುಂದಿನ ಶನಿವಾರ ಅವಳು ಹೋಗಲಿಲ್ಲ. ಅದರ ಮುಂದಿನದಕ್ಕೂ.

*

ಕಣ್ಣು ಪರೀಕ್ಷೆಯ ಕೋಣೆಯಲ್ಲಿ ಯಾವಾಗಲೂ ಅರೆಗತ್ತಲೆ. ಎದುರು ಗೋಡೆಯ ಅಕ್ಷರಗಳಿಗೆ ಮಾತ್ರ ಬೆಳಕು. ಆ ಮಧ್ಯಾಹ್ನ ಅವಳು ಯಂತ್ರದ ಗಾಜು ಒರೆಸುತ್ತಾ, ಆಗಲೇ ಕುರ್ಚಿಯಲ್ಲಿ ಬಂದು ಕೂತಿದ್ದ ಗಿರಾಕಿಗೆ ಎಂದಿನಂತೆ ಹೇಳಿದಳು: "ಎಡಗಣ್ಣು ಮುಚ್ಚಿ, ಕೊನೇ ಸಾಲು ಓದಿ."

"ಕೊನೇ ಸಾಲು ಚೆನ್ನಾಗೇ ಕಾಣುತ್ತೆ" ಎಂದಿತು ದನಿ. "ನಿನ್ನ ಬಾಗಿಲ ಹೊಸ ಬೀಗಾನೂ ಕಂಡೆ. ಗಟ್ಟಿಯಾಗಿದೆ."

ಕೈಯಲ್ಲಿದ್ದ ಬಟ್ಟೆ ಜಾರಿತು.

"ನಿನ್ನ ಜೊತೆ ಆಟ ಆಡ್ತಿದ್ದ ಬೀಗದವನನ್ನೂ ಮಾತಾಡಿಸಿ ಬಂದೆ. ಒಳ್ಳೆ ಮನುಷ್ಯ."

ಬಾಗಿಲಿಗೂ ಅವಳಿಗೂ ನಡುವೆ ಆ ಕುರ್ಚಿಯಿತ್ತು. ನಾಲಿಗೆ ತನ್ನದಲ್ಲ. ಅವನು ಎದ್ದಿರಲೂ ಇಲ್ಲ, ಮುಟ್ಟಿರಲೂ ಇಲ್ಲ. ಮೊದಲಿನಂತೆಯೇ ಸುಮ್ಮನೆ ನೋಡುತ್ತಿದ್ದ. ಗೋಡೆ ತಡವಿದ ಬೆರಳಿಗೆ ಸ್ವಿಚ್ಚು ಸಿಕ್ಕಿತು. ಒತ್ತಿದಳು. ಭಗ್ಗನೆ ಹೊತ್ತಿದ ಬೆಳಕಿಗೆ ಅವನು ಕಣ್ಣು ಕಿವುಚಿದಾಗ, ಅವಳಿಗೆ ತನ್ನ ದನಿ ಸಿಕ್ಕಿತು.

"ಸಾರ್! ಸಾರ್, ಬೇಗ ಬನ್ನಿ ಇಲ್ಲಿ!"

ಅಂಗಡಿಯ ಯಜಮಾನರು ಓಡಿ ಬಂದರು. ಅವನು ಅಂಗಿ ಸರಿಮಾಡಿಕೊಂಡು, ಸಭ್ಯನಂತೆ ಅವರಿಗೆ ನಮಸ್ಕಾರ ಹೇಳಿ ಹೊರಟುಹೋದ.

ಅವಳು ಬಿದ್ದ ಬಟ್ಟೆಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಭಯಕ್ಕಿಂತ ಕೆಟ್ಟದ್ದೊಂದು ಒಳಗೆ ಕೊರೆಯುತ್ತಿತ್ತು. ಬೀಗದವನು ಏನು ಹೇಳಿದ? ಎಷ್ಟು ಹೇಳಿದ? ಇಷ್ಟು ದಿನ ಎದುರು ಕೂತು ರಸ್ತೆ ಜೋಡಿಸಿದ್ದು ಇದಕ್ಕೇನಾ?

*

ಕೇಳಿಯೇ ಬಿಡಬೇಕೆಂದು ಅವಳು ಹೊರಟಾಗ ಯಜಮಾನರು ಜೊತೆಗೆ ಬಂದರು. ಬೀಗದ ಅಂಗಡಿಯ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನೋಡಿದರೆ ಸ್ಟೂಲಿನ ಮೇಲೆ ಅಕ್ಕ! ಅಕ್ಕನ ಮುಖ ಬಿಳಿಚಿಕೊಂಡಿತ್ತು.

"ಈಗ ತಾನೇ ನಿನ್ನ ಅಂಗಡಿಗೇ ಹೊರಟಿದ್ದೆ ಕಣೇ. ಇವರು ಫೋನ್ ಮಾಡಿ ಹೇಳಿದ್ರು, ಅವನು ಊರಿಗೆ ಬಂದಿದಾನೆ ಅಂತ."

ಅವಳು ಬೀಗದವನ ಕಡೆ ತಿರುಗಿದಳು. "ಏನು ಹೇಳಿದ್ರಿ ಅವನಿಗೆ?"

"ಬಂದು, ಹೆಂಡತಿ ಕೀ ಕಳೆದಿದಾಳೆ, ಬಾಗಿಲು ತೆಗೆದುಕೊಡಿ ಅಂದ. ನಿಮ್ಮ ಮನೆ ವಿಳಾಸ ಹೇಳ್ದ. ಅಕ್ಕ ಮೊದಲೇ ಎಲ್ಲ ಹೇಳಿದ್ರಿಂದ ಯಾರು ಅಂತ ಗೊತ್ತಾಯ್ತು. ಮನೇಲಿರೋರೇ ಬಂದು ಕೇಳಲಿ, ಆಮೇಲೆ ನೋಡೋಣ ಅಂದೆ. ಈ ಮೇಜಿಗೆ ಒರಗಿಕೊಂಡು ಎಷ್ಟೋ ಹೊತ್ತು ನನ್ನನ್ನೇ ನೋಡ್ತಾ ನಿಂತ. ಮಾತಿಲ್ಲ ಕತೆಯಿಲ್ಲ." ಅವನು ತನ್ನ ಕೈ ಮುಂದೆ ಚಾಚಿ ತೋರಿಸಿದ. ಕೂದಲೆಳೆಯಷ್ಟು ಸಣ್ಣ ಕೆಲಸ ಮಾಡುವ ಆ ಬೆರಳುಗಳು ನಡುಗುತ್ತಿದ್ದವು. "ಹೋಗಿ ಇಷ್ಟು ಹೊತ್ತಾಯ್ತು. ಇನ್ನೂ ನಿಂತಿಲ್ಲ ನೋಡಿ. ನನಗೇ ಹೀಗಾದ್ರೆ, ನೀವು ವರ್ಷಗಟ್ಟಲೆ ಹೇಗಿದ್ರಿ?"

ಆ ಪ್ರಶ್ನೆಯನ್ನು ಈವರೆಗೆ ಯಾರೂ ಅವಳಿಗೆ ಕೇಳಿರಲಿಲ್ಲ.

"ನನಗೇ ಯಾಕೆ ಫೋನ್ ಮಾಡ್ಲಿಲ್ಲ?"

"ನೀವು ಆಟಕ್ಕೆ ಬರೋದು ಬಿಟ್ರಿ. ನನ್ನ ದನಿ ಕೇಳೋಕೂ ಇಷ್ಟ ಇಲ್ಲವೇನೋ ಅಂದ್ಕೊಂಡೆ. ಅದಕ್ಕೇ ಅಕ್ಕನಿಗೆ ಮಾಡ್ದೆ. ಸುಳ್ಳು ಹೇಳಿ ಅವನನ್ನ ಬೇರೆ ಕಡೆ ಕಳಿಸೋಣ ಅಂತ ಹೊಳೆಯೋಷ್ಟರಲ್ಲಿ ಹೋಗ್ಬಿಟ್ಟಿದ್ದ. ಬುದ್ಧಿ ಸಾಲದೆ ಹೋಯ್ತು." ಅವನ ಕಣ್ಣು ತುಂಬಿತ್ತು.

ಅವಳು ಅವನ ನಡುಗುವ ಕೈಗಳನ್ನೇ ನೋಡಿದಳು. "ಸ್ಟೇಷನ್ನಿಗೆ ಹೋಗೋಣ" ಎಂದಳು. ಹೇಳಿದ್ದು ತಾನೇ ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು. "ಅವನು ನಿಮಗೆ ಹೇಳಿದ್ದನ್ನ ನೀವು ಅಲ್ಲಿ ಹೇಳ್ತೀರಾ?"

"ಹೇಳ್ತೀನಿ. ತೊದಲಿದ್ರೆ ನಗಬೇಡಿ."

ಪೊಲೀಸ್ ಸ್ಟೇಷನ್ನಿನಲ್ಲಿ ಅವನು ತೊದಲಿದ. ಯಜಮಾನರೂ ತಾವು ಕಂಡದ್ದನ್ನು ಹೇಳಿದರು. "ಹೊಡೆದಿಲ್ಲವಲ್ಲಮ್ಮ" ಎಂದು ಶುರುಮಾಡಿದ ಅಧಿಕಾರಿಣಿಗೆ ಅವಳು ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಅಧಿಕಾರಿಣಿ ಅರ್ಧದಲ್ಲೇ ಪೆನ್ನು ಕೈಗೆತ್ತಿಕೊಂಡರು. ಮೊದಲಿನ ಗಂಡನನ್ನು ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಿಂದ ಕರೆಸಿದರು. ಕೆಲವು ವಾರಗಳಲ್ಲಿ ಕೋರ್ಟು ಆಜ್ಞೆ ಕೊಟ್ಟಿತು: ಅವಳ ಮನೆ, ಅಂಗಡಿ ಎರಡರ ಹತ್ತಿರವೂ ಸುಳಿಯುವಂತಿಲ್ಲ. ಭಯ ಹೋಯಿತೇ? ಇಲ್ಲ. ಆದರೆ ಅದನ್ನು ಅವಳೊಬ್ಬಳೇ ಹೊರುವುದು ತಪ್ಪಿತು. ಬೇಕರಿಯವರು ಹಾದುಹೋಗುವಾಗ ಮಾತಾಡಿಸುತ್ತಿದ್ದರು. ಟೀಚರಮ್ಮ ಸಂಜೆ ಸುಮ್ಮನೆ ಬಂದು ಕೂತು ಹೋಗುತ್ತಿದ್ದರು.

*

"ಭಾನುವಾರ ಊಟಕ್ಕೆ ಬನ್ನಿ. ಅಕ್ಕನೂ ಇರ್ತಾಳೆ. ಆಟದ ಪೆಟ್ಟಿಗೆ ತನ್ನಿ" ಎಂದು ಅವಳೇ ಕರೆದಳು.

ಊಟವಾಯಿತು. ಚಾಪೆಯ ಮೇಲೆ ಬೋರ್ಡು ಹಾಸಿದರು. ಬಡಾವಣೆ ಅರ್ಧ ಎದ್ದಿತ್ತು. ಅಷ್ಟರಲ್ಲಿ ಅಕ್ಕನಿಗೆ ಇದ್ದಕ್ಕಿದ್ದಂತೆ ದರ್ಜಿಯ ನೆನಪಾಯಿತು. "ರವಿಕೆ ಇಸ್ಕೊಂಡು ಬರ್ತೀನಿ, ಇಲ್ಲೇ" ಎಂದು ಚಪ್ಪಲಿ ಮೆಟ್ಟಿ ಮಾಯವಾದಳು.

"ಭಾನುವಾರ ದರ್ಜಿ ಅಂಗಡಿ ಇರುತ್ತಾ?" ಎಂದ ಅವನು.

"ಇರಲ್ಲ" ಎಂದಳು ಅವಳು.

ಅವನು ನೀರು ಕುಡಿಯಲೆಂದು ಎದ್ದು ಅಡುಗೆಮನೆ ಕಡೆ ನಡೆದ. ಅವಳ ಬೆನ್ನ ಹಿಂದೆ. ಒಮ್ಮೆಲೇ ಕತ್ತಿನ ಕೂದಲು ನಿಮಿರಿತು, ಬಿಲ್ಲೆ ಹಿಡಿದ ಕೈ ಗಾಳಿಯಲ್ಲೇ ಕಲ್ಲಾಯಿತು. ಇವನು ಅವನಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಮೈ ಕೇಳುತ್ತಿರಲಿಲ್ಲ.

ಹಿಂದೆ ಹೆಜ್ಜೆ ನಿಂತಿತು. ಅವನು ನೋಡಿರಬೇಕು.

ಒಂದು ಕ್ಷಣದ ಮೇಲೆ ಅವನು ಹಾಡತೊಡಗಿದ. ಅದು ಹಾಡೆನ್ನುವಂತೆಯೂ ಇರಲಿಲ್ಲ. ರಾಗ ಒಂದು ಕಡೆ, ತಾಳ ಒಂದು ಕಡೆ, ಪದವೇ ಇಲ್ಲ. ಲೋಟ ತೆಗೆದ, ಹಾಡಿದ. ನಲ್ಲಿ ತಿರುಗಿಸಿದ, ಹಾಡಿದ. ನೀರು ಕುಡಿಯುವಾಗ ಮಾತ್ರ ನಿಲ್ಲಿಸಿ, ಬದಲಿಗೆ ಬೆರಳಿನಿಂದ ಕಟ್ಟೆ ಬಡಿದ. ಅವಳು ತಿರುಗದೆಯೇ ಅವನನ್ನು ಹಿಂಬಾಲಿಸಬಹುದಿತ್ತು: ಈಗ ಒಲೆಯ ಹತ್ತಿರ, ಈಗ ಕಿಟಕಿಯ ಹತ್ತಿರ, ಈಗ ಬಾಗಿಲಲ್ಲಿ.

"ಏನ್ರೀ ಇದು?" ಎಂದಳು, ಉಸಿರು ಮರಳಿ ಬಂದ ಮೇಲೆ.

"ನಾನು ಎಲ್ಲಿದ್ದೀನಿ ಅಂತ ನಿಮಗೆ ಗೊತ್ತಾಗ್ತಿರಲಿ ಅಂತ." ಅವನು ಸುತ್ತು ಬಳಸಿ ಬಂದು ಅವಳ ಎದುರಿಗೇ ಕೂತ. "ಬೇಡ ಅಂದ್ರೆ ನಿಲ್ಲಿಸ್ತೀನಿ."

ಅವಳಿಗೆ ಅಳು ಬಂತು, ಅದರ ಜೊತೆಗೇ ನಗುವೂ ಬಂತು. ಯಾವುದು ಮೊದಲು ಎಂದು ತಿಳಿಯದೆ ಎರಡನ್ನೂ ಬಿಟ್ಟುಬಿಟ್ಟಳು.

"ನನಗೆ ಇನ್ನೂ ಭಯ ಆಗುತ್ತೆ" ಎಂದಳು. "ನೀವಂದ್ರೆ ಅಲ್ಲ. ನೀವು ಇಲ್ಲದೆ ಹೋದ್ರೆ ಅಂತ. ಇದು ಹೊಸ ಭಯ. ಇದಕ್ಕೆ ಏನು ಮಾಡ್ಬೇಕು ಅಂತ ಗೊತ್ತಿಲ್ಲ."

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡ. "ಅದು ನನಗೂ ಇದೆ. ಔಷಧಿ ಸಿಕ್ಕಿದ್ರೆ ಹೇಳಿ."

"ದಿನಾ ಬಂದು ಹೀಗೇ ಅಪಸ್ವರ ಹಾಡ್ತೀರಾ?"

"ಜೀವನಪೂರ್ತಿ ಬೇಕಾದ್ರೂ."

"ಅಷ್ಟೊಂದು ಬೇಡ. ನಡುವೆ ಸ್ವಲ್ಪ ಸಂಗೀತಾನೂ ಕಲೀರಿ" ಎಂದು ಅವಳು ಕಣ್ಣೊರೆಸಿಕೊಂಡು, ಅವನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.